ಹದಿನೈದನೆಯ ಗೋಡೆ

ಮಳೆಗಾಲ ಇನ್ನೇನು ಹೊರಡಲು ಗಂಟುಮೂಟೆ ಕಟ್ಟುತ್ತಿದ್ದ ದಿನಗಳವು. ಮಧ್ಯಾಹ್ನವೆಲ್ಲ ಸುರಿದು ದಣಿದ ಮೋಡಗಳು ಪಡುವಣದ ಅಂಚಿಗೆ ಸರಿದು, ಅವುಗಳ ಸೆರಗಿನಡಿಯಿಂದ ನುಸುಳಿ ಬಂದ ಸಂಜೆಬಿಸಿಲು ಆ ಇಕ್ಕಟ್ಟಾದ ಬೀದಿಯ ಒದ್ದೆ ಕಲ್ಲುಹಾಸಿನ ಮೇಲೆ ಕರಗಿದ ಹೊನ್ನಿನಂತೆ ಹರಿಯುತ್ತಿತ್ತು. ಮಾಳಿಗೆಯ ಕೊಳವೆಗಳಲ್ಲಿ ಉಳಿದ ಹನಿಗಳು, ಯಾರೋ ಹೇಳಲಾರದ ಮಾತನ್ನು ತಡೆತಡೆದು ಹೇಳುವ ಹಾಗೆ, ಒಂದೊಂದಾಗಿ ತೊಟ್ಟಿಕ್ಕುತ್ತಿದ್ದವು... ಬೀದಿಯ ತಿರುವಿನಲ್ಲೊಂದು ಕನ್ನಡಕದ ಅಂಗಡಿ. ಅದರ ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ನೂರು ಕನ್ನಡಕಗಳು. ಪ್ರತಿ ಕನ್ನಡಕದ ಎರಡೂ ಕಣ್ಣಿನಲ್ಲಿ ಒಂದೊಂದು ಪುಟ್ಟ ಸೂರ್ಯ! ಲೋಕಕ್ಕೆಲ್ಲ ಸೂರ್ಯಾಸ್ತ ಒಂದೇ ಆದರೂ ಆ ಅಂಗಡಿಯಲ್ಲಿ ಮಾತ್ರ ದಿನವೂ ಇನ್ನೂರು ಸೂರ್ಯರು ಮುಳುಗುತ್ತಿದ್ದರು.

ಸಹೃದಯರೇ, ಅಂಥದೊಂದು ಸಂಜೆ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಸುಣ್ಣದ ಗೋಡೆಯೊಂದರ ಮುಂದೆ ಸೋಪುನೀರಿನ ಕುಂಚ ಹಿಡಿದು ನಿಂತಿದ್ದಾಳಲ್ಲ, ಆಕೆಯ ಕಥೆಯಿದು.

ಆಕೆಯ ತಂದೆ ಸೇತುವೆ ಕಟ್ಟಿಸುವ ಮೇಲ್ವಿಚಾರಕ. ಒಂದು ಸೇತುವೆ ಮುಗಿದರೆ ಆ ಊರಿನ ಅನ್ನದ ಋಣವೂ ಮುಗಿಯಿತು, ಪಾತ್ರೆಪಗಡ ಲಾರಿಗೇರುತ್ತಿದ್ದವು. ಹದಿನೇಳು ವರ್ಷಗಳಲ್ಲಿ ಹದಿನಾಲ್ಕು ಬಾಡಿಗೆ ಮನೆಗಳು! ಪ್ರತಿ ಬಾರಿಯೂ ಮನೆ ಖಾಲಿಮಾಡುವ ದಿನ, ಯಾರೂ ನೋಡದ ಹೊತ್ತಿನಲ್ಲಿ, ಆ ಹುಡುಗಿ ಗೋಡೆಯ ಸುಣ್ಣದ ಒಂದು ಚಕ್ಕೆಯನ್ನು ಉಗುರಿನಿಂದ ಕಿತ್ತು ಲಂಗದ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಮನೆಯ ಯಜಮಾನರನ್ನು ಕೇಳಿದರೆ ಕೊಟ್ಟಾರೇ? ಬೈದಾರು. ಕೇಳದೆ ಕಿತ್ತುಕೊಂಡರೆ ಅಷ್ಟಾದರೂ ತನ್ನದು...

ಆ ಚಕ್ಕೆಗಳೇ ಮುಂದೆ ಅವಳ ಕಲೆಯಾದವು. ಬೆಳೆದ ಮೇಲೆ ಅವಳು ಒಂದೊಂದೇ ಹಳೆಯ ಮನೆಯನ್ನು ಹುಡುಕಿಕೊಂಡು ಹೋದಳು. ಗೋಡೆಗೆ ಮೊದಲು ಸೋಪುನೀರು ಬಳಿದು, ಅದು ಆರಿದ ಮೇಲೆ ರಬ್ಬರಿನ ಹಾಲನ್ನು ತೆಳುಬಟ್ಟೆಯ ಸಮೇತ ಪದರಪದರವಾಗಿ ಹಚ್ಚಿ, ಒಣಗಿದಾಗ ಇಡಿಯಾಗಿ ಸುಲಿದು ತೆಗೆಯುತ್ತಿದ್ದಳು. ಗೋಡೆಯ ಬಿರುಕು, ಮೊಳೆಯ ತೂತು, ಕುಂಚದ ಎಳೆ ಎಲ್ಲವೂ ಆ ಹೊಂಬಣ್ಣದ ರಬ್ಬರಿನ ಚರ್ಮದಲ್ಲಿ ಮೂಡಿರುತ್ತಿದ್ದವು. ಬೆಳಕಿಗೆ ಅಡ್ಡವಾಗಿ ತೂಗುಹಾಕಿದರೆ ಶರತ್ಕಾಲದ ಎಲೆಯ ನರಗಳಂತೆ ಒಂದಿಡೀ ಮನೆಯ ಜೀವನರೇಖೆಗಳು ಹೊಳೆಯುತ್ತಿದ್ದವು! ಸೋಪುನೀರು ಬಳಿದರೆ ಗೋಡೆಗೆ ಏನೂ ಆಗದು. ಅಚ್ಚು ಮಾತ್ರ ಬರುತ್ತದೆ. ಬಳಿಯದಿದ್ದರೆ ಗೋಡೆಯೂ ಕಿತ್ತು ಬರುತ್ತದೆ. ಆ ಕೆಲಸದ ಗುಟ್ಟೆಲ್ಲ ಇಷ್ಟೇ.

ಕನ್ನಡಕದವನ ಪರಿಚಯವಾದದ್ದು ಕಣ್ಣುನೋವಿನ ನೆಪದಲ್ಲಿ. ಅವನು ಮಾತಿನಲ್ಲಿ ಜಿಪುಣ, ನೋಟದಲ್ಲಿ ಧಾರಾಳಿ. ಗಾಜಿನ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲೇ ಹೇಳಬಲ್ಲವನು, ಅವಳ ಮೌನಗಳ ದಪ್ಪವನ್ನೂ ಹಾಗೆಯೇ ಅಳೆದುಬಿಟ್ಟ. ಒಂದು ವರ್ಷ ಕಳೆಯುವುದರೊಳಗೆ ಹಿಂಬದಿಯ ಕೋಣೆ ಅವಳ ಕೆಲಸದ ಕೋಣೆಯಾಗಿತ್ತು. ಅವಳ ಚೀಲ ತಗುಲಿಹಾಕುವ ಮೊಳೆಯನ್ನು ಅವನು ಹೇಳದೆ ಕೇಳದೆ ನಾಲ್ಕು ಬೆರಳು ಕೆಳಗಿಳಿಸಿದ್ದ. ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕ, ತಾಯಿಯಿಲ್ಲದ ಮನೆಗೆ ತಾನೇ ತಾಯಿಯೆಂದು ತಿಳಿದವಳು, ಅವಳಿಗೆ ‘ಗೋಡೆ ಹುಡುಗಿ’ ಎಂದು ಹೆಸರಿಟ್ಟು, ಚಳಿಗಾಲಕ್ಕೆ ಮದುವೆ ಎಂದು ತೀರ್ಮಾನವನ್ನೂ ಮಾಡಿದ್ದಳು.

ಅಷ್ಟರಲ್ಲಿ ನಗರದ ದೊಡ್ಡ ಕಲಾ ಗ್ಯಾಲರಿಯಿಂದ ಕರೆ ಬಂತು. ‘ಮನೆ’ ಎಂಬ ಪ್ರದರ್ಶನಕ್ಕೆ ಅವಳ ಹದಿನಾಲ್ಕೂ ಚರ್ಮಗಳು ಬೇಕು. ಆದರೆ ಪ್ರದರ್ಶನ ಏರ್ಪಡಿಸುವ ಹೆಂಗಸು ಅವುಗಳ ನಡುವೆ ಎರಡು ಸುತ್ತು ನಡೆದು ಬಂದು, ಇವೆಲ್ಲ ಬಿಟ್ಟುಹೋದ ಮನೆಗಳೇ ಆಯಿತಲ್ಲ, ಸೇರಿಕೊಂಡ ಮನೆ ಒಂದೂ ಇಲ್ಲವೇ ಎಂದು ಕೇಳಿದಳು. ಆ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು...

ಸೇರಿದ ಮನೆಯೆಂದರೆ ಇದೇ. ಈ ಮನೆಯ ಗೋಡೆಯೆಂದರೆ ಅದೇ.

ಆ ಗೋಡೆಯ ಬುಡದಲ್ಲಿ ಕನ್ನಡಕದವನ ತಾಯಿ ಹನ್ನೊಂದು ವರ್ಷ ಪ್ರತಿ ಮಧ್ಯಾಹ್ನ ಕುಳಿತು, ಮಗ ಉಜ್ಜಿಕೊಟ್ಟ ಗಾಜುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿಕೊಡುತ್ತಿದ್ದಳು. ಒರೆಸಿ ಒರೆಸಿ ದಣಿದಾಗ ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಮುಚ್ಚುತ್ತಿದ್ದಳು. ಅವಳ ತಲೆಯೆಣ್ಣೆ ಸುಣ್ಣಕ್ಕಿಳಿದು, ಅಂಗೈಯಗಲದ ಒಂದು ಮಬ್ಬು ಚಂದ್ರ ಅಲ್ಲಿ ಉದಯಿಸಿತ್ತು! ಆಕೆ ತೀರಿಹೋದ ಮೇಲೆ ಪ್ರತಿ ವರ್ಷ ಸುಣ್ಣ ಬಳಿಯುವಾಗಲೂ ಮಗ ಆ ಎಣ್ಣೆಯ ಕಲೆಯ ಸುತ್ತಲೇ ಕುಂಚ ಆಡಿಸುತ್ತಿದ್ದ. ಹೀಗಾಗಿ ಅದು ಗೋಡೆಗಿಂತ ಒಂದು ಕೂದಲೆಳೆ ಆಳದಲ್ಲಿತ್ತು.

ಗೋಡೆ ಹುಡುಗಿ ತನ್ನ ಅಚ್ಚಿಗೆ ಆ ಗೋಡೆ ಕೇಳಿದಾಗ ಅಕ್ಕ ನಕ್ಕುಬಿಟ್ಟಳು. “ಜನ ಮನೆಗೆ ಬಂದ್ರೆ ಕುಡಿಯೋಕೆ ನೀರು ಕೇಳ್ತಾರೆ. ಇವಳು ನೋಡಪ್ಪ, ಗೋಡೆ ಕೇಳ್ತಾಳೆ.”

ಅವನು ನಗಲಿಲ್ಲ. ಆ ಕಲೆಯ ಜಾಗಕ್ಕೆ ಏನಾದರೂ ಆದೀತೇ ಎಂದಷ್ಟೇ ಕೇಳಿದ.

“ಏನೂ ಆಗಲ್ಲ. ನನ್ನ ಮೇಲೆ ನಂಬಿಕೆ ಇಲ್ವಾ?”

ಅವನು ತಲೆದೂಗಿ ಅಂಗಡಿಗೆ ಹೋದ. ಗಾಜು ಉಜ್ಜುವ ಚಕ್ರ ಮತ್ತೆ ಗುಂಯ್‌ಗುಟ್ಟತೊಡಗಿತು. ಮಾತು ಕೊಟ್ಟವಳನ್ನು ನಂಬಿದ ಮನುಷ್ಯನ ನಿರಾತಂಕ ಆ ಸದ್ದಿನಲ್ಲಿತ್ತು...

ಇತ್ತ ಕುಂಚ ಮೇಲಿಂದ ಇಳಿಯುತ್ತ, ಬಿರುಕುಗಳನ್ನೂ ಮೊಳೆಗಳನ್ನೂ ಸೋಪುನೀರಿನಿಂದ ತೋಯಿಸುತ್ತ, ಆ ಚಂದ್ರನ ಅಂಚಿಗೆ ಬಂದು ನಿಂತಿತು. ಗೋಡೆಯ ಬಿರುಕು ಅಚ್ಚಿನಲ್ಲಿ ಮೂಡೀತು, ಆದರೆ ಕಲೆ? ಕಲೆಯೊಳಗೆ ಉಬ್ಬುತಗ್ಗಿಲ್ಲ, ಬರೀ ಬಣ್ಣವಿದೆ. ಸೋಪು ಬಳಿದರೆ ಅದು ಗೋಡೆಯಲ್ಲೇ ಉಳಿಯುತ್ತದೆ, ಅವಳ ಚರ್ಮ ಬೋಳಾಗುತ್ತದೆ. ಎದ್ದು ಹೋಗಿ, ಇದು ಬೇಕು, ಕೊಡುತ್ತೀಯಾ ಎಂದು ಕೇಳಬಹುದಿತ್ತು. ನಡುವೆ ಇದ್ದದ್ದು ಒಂದು ಪರದೆ, ಆರು ಹೆಜ್ಜೆ. ಆದರೆ ಹದಿನಾಲ್ಕು ಮನೆ ಬಿಟ್ಟವಳ ಒಳಗಿನಿಂದ ಯಾವುದೋ ಹಳೆಯ ಮಗು ಪಿಸುಗುಟ್ಟಿತು... ಎಷ್ಟಾದರೂ ಒಂದು ದಿನ ಇಲ್ಲಿಂದಲೂ ಹೋಗುವವಳೇ ತಾನೇ ನೀನು?

ಕುಂಚ ಆ ಕಲೆಯನ್ನು ಮುಟ್ಟದೆ, ಅದರ ಸುತ್ತ ಚೊಕ್ಕಟವಾಗಿ ತಿರುಗಿ, ಕೆಳಗಿಳಿಯಿತು.

ನಾಲ್ಕನೆಯ ಬೆಳಿಗ್ಗೆ ಚರ್ಮ ಸುಲಿದಳು. ಎಲ್ಲೆಡೆ ರೇಷ್ಮೆಯಂತೆ ನುಣ್ಣಗೆ ಬಂದದ್ದು ಅಲ್ಲಿ ಮಾತ್ರ ಚರಕ್ಕೆಂದಿತು. ಹನ್ನೊಂದು ವರ್ಷದ ಮಧ್ಯಾಹ್ನಗಳು ಸುಣ್ಣದ ಸಮೇತ ಕಿತ್ತು ಅವಳ ಕೈಗೆ ಬಂದಿದ್ದವು. ಗೋಡೆಯಲ್ಲಿ ಮರಳು ಕಾಣುವ ಒಂದು ಹಸಿಗಾಯ! ಸದ್ದು ಕೇಳಿ ಪರದೆ ಸರಿಸಿದವನಿಗೆ ಅವಳು, ಅಲ್ಲಿ ಎಣ್ಣೆಯಿತ್ತಲ್ಲ, ಸೋಪು ಹಿಡಿಯಲಿಲ್ಲವೇನೋ ಎಂದಳು. ಅವನು ಹತ್ತಿರ ಬಂದು, ಕನ್ನಡಕ ಹಣೆಗೇರಿಸಿ, ಗಾಯದ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದ. “ಆಗ್ಲಿ ಬಿಡು,” ಎಂದ. ಅಷ್ಟೇ. ಆ ಒಂದೇ ಮಾತಿನಿಂದ ಅವಳ ಮೇಲೆ ವಸಂತವೇ ಸುರಿದಂತಾಯಿತು. ತಾನು ಬದುಕಿಕೊಂಡೆ ಎಂದುಕೊಂಡಳು, ಪಾಪ!

‘ಹದಿನೈದನೆಯ ಮನೆ’ಯನ್ನು ಜನ ಮುಗಿಬಿದ್ದು ನೋಡಿದರು. ಹಿಂದಿನಿಂದ ದೀಪ ಹಾಯಿಸಿದಾಗ ಆ ಕಲೆ, ಮಂಜಿನೊಳಗಿನ ಹುಣ್ಣಿಮೆಯಂತೆ ಬೆಳಗುತ್ತಿತ್ತು. ಅಪರಿಚಿತರು ಅದರ ಮುಂದೆ ಕಣ್ಣೊರೆಸಿಕೊಂಡರು, ಪತ್ರಿಕೆಗಳು ಹಾಡಿಹೊಗಳಿದವು, ದೂರದ ದೇಶಗಳಿಂದ ಆಹ್ವಾನಗಳು ಬಂದವು. ಮೂರನೆಯ ದಿನ ಕನ್ನಡಕದವನು ಅಕ್ಕನೊಂದಿಗೆ ಬಂದ. ನೆಲದ ಮೇಲೆ ಎಳೆದಿದ್ದ ಬಿಳಿಗೆರೆಯನ್ನು ಅವನು ಗಮನಿಸದೆ ದಾಟಿದಾಗ ಕಾವಲಿನವಳು ಬಂದು, ಸ್ವಲ್ಪ ಹಿಂದೆ ನಿಲ್ಲಿ ಸಾರ್ ಎಂದಳು. ಅವನು ವಿಧೇಯನಾಗಿ ಹಿಂದೆ ಸರಿದ.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. “ನಮ್ಮಮ್ಮ ಆ ಬೀದಿ ತಿರುವು ದಾಟಿ ಎಲ್ಲಿಗೂ ಹೋದವಳಲ್ಲ. ಈಗ ನೋಡು, ಊರೆಲ್ಲ ಸಾಲು ನಿಂತು ನೋಡ್ತಿದೆ. ಮಕ್ಕಳು ಮಾತ್ರ ಗೆರೆ ಆಚೆ ನಿಲ್ಬೇಕಂತೆ.”

ಗೋಡೆ ಹುಡುಗಿ ಅವನನ್ನು ಕಿಟಕಿಯ ಬಳಿಗೆ ಕರೆದೊಯ್ದು, ತೊದಲುತ್ತ, ನಿಜ ಒಪ್ಪಿಕೊಂಡಳು. ಅಲ್ಲಿ ಸೋಪುನೀರು ಬಳಿಯಲೇ ಇಲ್ಲ. ಬೇಕೆಂದೇ ಬಿಟ್ಟೆ.

“ಗೊತ್ತು,” ಎಂದ ಅವನು. “ಅವತ್ತೇ ಗೊತ್ತಾಯ್ತು. ಅಂಚು ಅಷ್ಟು ಸಾಫಾಗಿತ್ತು. ಅದು ತಾನಾಗಿ ಕಿತ್ತು ಬಂದದ್ದಲ್ಲ.”

“ಮತ್ತೆ ಯಾಕೆ ಏನೂ ಅನ್ನಲಿಲ್ಲ?”

“ನೀವೇ ಹೇಳ್ತೀರಾ ಅಂತ ಕಾದೆ.”

ಒಂದು ವರ್ಷದಿಂದ ‘ನೀನು’ ಎನ್ನುತ್ತಿದ್ದವನ ಬಾಯಲ್ಲಿ ಮತ್ತೆ ಗಿರಾಕಿಗಳಿಗೆ ಹೇಳುವ ಆ ‘ನೀವು’! ಎಲ್ಲ ಆಹ್ವಾನಗಳನ್ನೂ ಬಿಟ್ಟು ನಾಳೆಯೇ ಅದನ್ನು ಹಿಂದಕ್ಕೆ ತರುತ್ತೇನೆಂದು ಅವಳು ಅಂಗಲಾಚಿದಳು. ಅವನು ಗದರಲಿಲ್ಲ. ಗದರಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು...

“ತಂದು ಎಲ್ಲಿಗೆ ಅಂಟಿಸೋದು?” ಎಂದ ಮೆಲ್ಲಗೆ. ಆಮೇಲೆ, ಹೊರಗಿನ ಬೂದುಬಣ್ಣದ ಆಕಾಶ ನೋಡುತ್ತ, “ಕೇಳಿದ್ರೆ ಕೊಡ್ತಿದ್ದೆ. ನಾನೇ ಉಳಿ ತಗೊಂಡು ಬಿಡಿಸಿಕೊಡ್ತಿದ್ದೆ. ಅಮ್ಮಂದು, ನಿಮಗಲ್ಲದೆ ಇನ್ಯಾರಿಗೆ ಕೊಡೋದಿತ್ತು?”

ಚಳಿಗಾಲ ಬಂತು, ಮದುವೆಯ ಮಾತು ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಅವಳು ತನ್ನ ಸಾಮಾನು ತರಲು ಹೋದಳು. ಗೋಡೆಗೆ ಪೂರ್ತಿ ಗಾರೆ ಮೆತ್ತಿ, ಉದ್ದಕ್ಕೂ ಸುಣ್ಣ ಬಳಿದಾಗಿತ್ತು. ಯಾವ ಜಾಗ ಎಂದು ಅವಳಿಗೂ ಗುರುತು ಸಿಗಲಿಲ್ಲ. ಅಂಗಡಿಯಲ್ಲಿ ಅವನು ಯಾರೋ ಮುದುಕನ ಕಣ್ಣಿಗೆ ಗಾಜು ಬದಲಿಸುತ್ತ, ಇದರಲ್ಲಿ ಚೆನ್ನಾಗಿ ಕಾಣುತ್ತದೋ, ಅದರಲ್ಲೋ ಎಂದು ಸಹನೆಯಿಂದ ವಿಚಾರಿಸುತ್ತಿದ್ದ. ಅಕ್ಕ ಕುಂಚಗಳನ್ನೆಲ್ಲ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಕೊಡುವಾಗ ಅವಳ ಕೈಯನ್ನು ಒಂದು ಕ್ಷಣ ಬಿಡಲಿಲ್ಲ.

“ಇರು ಅನ್ನೋಕೆ ನನಗೆ ಬಾಯಿ ಬರ್ತಿಲ್ಲ ಕಣಮ್ಮ,” ಎಂದಳು. “ಹೋಗು ಅನ್ನೋಕೂ ಬರ್ತಿಲ್ಲ.”

ಅವಳು ಹೋದಳು. ಹೋಗುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮನುಷ್ಯಹೃದಯದ ಪರಿ ಎಂಥದು, ಸಹೃದಯರೇ! ದೊರೆಯದುದಕ್ಕಾಗಿ ಅಳುವುದನ್ನು ಅದು ಎಳವೆಯಲ್ಲೇ ಕಲಿಯುತ್ತದೆ. ದೊರೆತದ್ದನ್ನು ದೊರೆತಿತೆಂದು ನಂಬುವುದನ್ನು ಮಾತ್ರ ಎಷ್ಟೋ ಹೃದಯಗಳು ಕೊನೆಯವರೆಗೂ ಕಲಿಯುವುದಿಲ್ಲ... ಯಾವುದೋ ದೂರದೇಶದ ಸಭಾಂಗಣದಲ್ಲಿ ಆ ಗೋಡೆಯ ಮುಂದೆ ಇಂದಿಗೂ ಜನ ತಮ್ಮ ತಮ್ಮ ತಾಯಂದಿರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರಂತೆ. ಕಳೆದುಹೋದ ಮನೆಯೊಂದು ಮರಳಿ ಸಿಕ್ಕಿತೆನ್ನುತ್ತಾರಂತೆ. ಅವರ ಕಣ್ಣೀರು ಸುಳ್ಳಲ್ಲ, ಆ ಸೌಂದರ್ಯವೂ ಸುಳ್ಳಲ್ಲ. ಆದರೆ ಅಷ್ಟು ಜನರನ್ನು ಅವರವರ ಮನೆಗೆ ಮುಟ್ಟಿಸಿದವಳು, ಅದೇ ಹೊತ್ತಿನಲ್ಲಿ, ಹದಿನಾರನೆಯ ಮನೆಯಾದ ಬಾಡಿಗೆ ಕೋಣೆಯೊಂದರ ಕಿಟಕಿಯಲ್ಲಿ ನಿಂತು, ತನ್ನದಲ್ಲದ ಬೀದಿಯ ಮೇಲೆ ತನ್ನದಲ್ಲದ ಬಿಸಿಲು ಇಳಿಯುವುದನ್ನು ನೋಡುತ್ತಿರುತ್ತಾಳೆ.