ಗಟಾರಕ್ಕೆ ಸುರಿದ ಎಣ್ಣೆ

ನನ್ನ ಗಂಡ ಶ್ರೀವತ್ಸ ರೈಲ್ವೆಯಲ್ಲಿ ಎಂಜಿನ್ ನೋಡುವ ಮನುಷ್ಯ. ಸ್ಕೂಟರನ್ನು ಗ್ಯಾರೇಜಿಗೆ ಕೊಟ್ಟರೆ ಇವರ ಮರ್ಯಾದೆ ಹೋಗುತ್ತದೆ. ಎಂಜಿನ್ ಆಯಿಲ್ ಬದಲಿಸುವುದು ಅಂಗಳದಲ್ಲೇ. ಹಳೆಯ ಎಣ್ಣೆ ಡಬ್ಬಿಗಳಲ್ಲಿ ಮೆಟ್ಟಿಲ ಕೆಳಗೆ. ಯಾಕೆ ಕೂಡಿಡುತ್ತೀರಿ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಆಗಸ್ಟಿನಲ್ಲಿ ದಕ್ಷಿಣೇಶ್ವರದ ನಮ್ಮ ಓಣಿಗೆ ಡೆಂಗಿ ಬಂತು. ಮಗಳು ಪ್ರಕೃತಿಯ ಕ್ಲಾಸಿನ ಇಬ್ಬರು ಆಸ್ಪತ್ರೆ ಸೇರಿದರು. ಭಾನುವಾರ ಬೆಳಿಗ್ಗೆ ಇವರು ಅಂಗಳದ ಅಂಚಿನ ಗಟಾರಕ್ಕೆ ಮೂರು ಡಬ್ಬಿ ಎಣ್ಣೆ ಸುರಿಯುತ್ತಿದ್ದರು.

"ಏನ್ ಮಾಡ್ಲಿಕ್ಕತ್ತೀರಿ?"

"ಸೊಳ್ಳಿ ಮರಿ ಉಸಿರುಗಟ್ಟಿ ಸಾಯ್ತಾವ. ನಮ್ಮಪ್ಪ ಹುಬ್ಬಳ್ಳಿ ರೈಲ್ವೆ ಮಲೇರಿಯಾ ಗ್ಯಾಂಗಿನ್ಯಾಗ ಜೀವಮಾನವೆಲ್ಲಾ ಇದನ್ನ ಮಾಡ್ಯಾರ. ನಿನಗೇನ್ ಗೊತ್ತದ?"

ಗೊತ್ತಿರಲಿಲ್ಲ, ನಿಜ. ಸೊಳ್ಳೆ ಕಡಿಮೆಯಾದವು, ಇವರು ಓಣಿಗೇ ಬುದ್ಧಿವಂತರಾದರು. ನಾವು ಮಾಶಿಮಾ ಎನ್ನುವ ಕೆಳಮನೆಯ ಬಂಗಾಳಿ ಹಿರಿಯಾಕೆ ಬಂದು, ತನ್ನ ಬಸುರಿ ಸೊಸೆಯನ್ನು ಉಳಿಸಿದಿರಿ ಎಂದು ಕೈ ಮುಗಿದಳು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬುಧವಾರ ಹಿಡಿದ ಮಳೆ ಗುರುವಾರವೂ ಬಿಡಲಿಲ್ಲ. ಗಟಾರ ಉಕ್ಕಿ ಅಂಗಳ ತುಂಬಿತು. ನಮ್ಮ ಕಟ್ಟಡದ ನಾಲ್ಕೂ ಮನೆಗಳ ಕುಡಿಯುವ ನೀರಿನ ಟ್ಯಾಂಕ್ ಆ ಅಂಗಳದ ನೆಲದಡಿಯಲ್ಲೇ ಇದೆ. ಅದರ ಮುಚ್ಚಳದ ಒಂದು ಮೂಲೆ ಒಡೆದದ್ದು ಎಲ್ಲರಿಗೂ ಗೊತ್ತು. ಅವತ್ತು ಯಾರೂ ಅದನ್ನು ನೆನೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ರಕೃತಿ ಲೋಟ ಕೆಳಗಿಟ್ಟಳು. "ಅಮ್ಮಾ, ಪಾನಿ ಅಪ್ಪನ ಸ್ಕೂಟರ್ ಥರಾ ಸ್ಮೆಲ್ ಆಗ್ತದ."

ಅನ್ನಕ್ಕಿಟ್ಟ ಪಾತ್ರೆಗೆ ಬಗ್ಗಿ ನೋಡಿದೆ. ನೀರಿನ ಮೇಲೆ ನೇರಳೆ, ಹಸಿರು ಬಣ್ಣ ತಿರುಗುತ್ತಿತ್ತು. ಇವರನ್ನು ಕೂಗಿದೆ.

ಇವರು ಕೆಳಗಿಳಿದು ಮುಚ್ಚಳ ಎತ್ತಿ ನೋಡಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ಯಾರಿಗೂ ಹೇಳಬ್ಯಾಡ. ಸುಮ್ಮನ ಟ್ಯಾಂಕ್ ತೊಳಸ್ತೀನಿ. ಅಲ್ಲೀತನಕ ನಾವು ಕ್ಯಾನ್ ನೀರು ತರೋಣು."

"ಉಳಿದವರು?"

"ಕಾಸಿ ಕುಡೀತಾರ."

"ಕಾಸಿದ್ರ ಎಣ್ಣಿ ಹೋಗ್ತದೇನ್ರೀ?"

ಇವರು ಖಾಲಿ ಕ್ಯಾನ್ ಕೈಗೆತ್ತಿಕೊಂಡರು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯನನ್ನು ಕಂಡು ಅವತ್ತು ಮೊದಲ ಸಲ ಹೆದರಿದೆ. "ಹೋಗಬ್ಯಾಡ" ಎಂದು ಅವರು ತೋಳು ಹಿಡಿದರೂ ಕೊಸರಿಕೊಂಡು ಮೆಟ್ಟಿಲಿಳಿದೆ.

ಮಾಶಿಮಾ ಬಾಗಿಲು ತೆಗೆದವಳೇ, ನಾನು ಬಾಯಿ ತೆರೆಯುವ ಮೊದಲೇ ಹಿಂದಿಯಲ್ಲಿ ಗೋಳು ತೋಡಿಕೊಂಡಳು. ಸೊಸೆಗೆ ನಿನ್ನೆ ಸಂಜೆಯಿಂದ ವಾಂತಿ. ಡೆಂಗಿ ಇರಬಹುದು, ಚೆನ್ನಾಗಿ ನೀರು ಕುಡಿಸಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದಾರೆ. "ಬೇಡ ಬೇಡ ಅಂತಾಳೆ. ಗದರಿಸಿ ಗದರಿಸಿ ಕುಡಿಸುತ್ತಿದ್ದೇನೆ."

ಒಳಗೆ ಮಂಚದ ಮೇಲೆ ಆ ಹುಡುಗಿ ಮೂಗು ಹಿಡಿದುಕೊಂಡು ಲೋಟ ಎತ್ತಿದ್ದಳು.

"ಕುಡೀಬ್ಯಾಡ!" ಎಂದು ಕಿರುಚಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. ಓಡಿ ಹೋಗಿ ಲೋಟ ಕಸಿದುಕೊಂಡೆ.

ಅದು ಖಾಲಿಯಾಗಿತ್ತು.