ಓಝೋನ್ ಚೀಲದಲ್ಲಿಟ್ಟ ಕಾಲು

ಹುಣಸೂರಿನ ಬೈಪಾಸ್ ರಸ್ತೆಯ ಓಝೋನ್ ಚಿಕಿತ್ಸಾ ಕೇಂದ್ರದಲ್ಲಿ ಅಲ್ಮಾಸ್ ನರ್ಸ್ ಆಗಿ ಸೇರಿ ಒಂಬತ್ತು ತಿಂಗಳಾಗಿತ್ತು. ಮಹಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಯಾವಾಗಲೂ ಜೆರಾಕ್ಸ್ ಅಂಗಡಿಯಂಥ ಘಾಟು. ಸಿಲಿಂಡರಿನ ಆಮ್ಲಜನಕ ಒಂದು ಯಂತ್ರದೊಳಗೆ ಹೊಕ್ಕು, ಕರೆಂಟಿನ ಹೊಡೆತಕ್ಕೆ ಸಿಕ್ಕಿ ಓಝೋನ್ ಆಗಿ ಹೊರಬರುತ್ತಿತ್ತು. ಹುಣ್ಣಾದ ಕಾಲನ್ನು ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಮಂಡಿಯ ಕೆಳಗೆ ಪಟ್ಟಿ ಬಿಗಿದು ಆ ಗಾಳಿ ತುಂಬುವುದು ಅವಳ ಕೆಲಸ. ಅರ್ಧ ಗಂಟೆಯಾದ ಮೇಲೆ ಗಾಳಿ ತೆಗೆದು, ಎಣ್ಣೆ ಸವರಿ ಕಟ್ಟು ಕಟ್ಟಬೇಕು. ಕೆಲವರ ಸಣ್ಣಪುಟ್ಟ ಗಾಯ ಒಣಗಿದ್ದನ್ನು ಅವಳು ಕಂಡಿದ್ದಳು. ಗಾಳಿಯಿಂದ ಒಣಗಿತೋ, ತಪ್ಪದೆ ತೊಳೆದು ಕಟ್ಟಿದ್ದರಿಂದ ಒಣಗಿತೋ ಅವಳಿಗೂ ಗೊತ್ತಿರಲಿಲ್ಲ.

ಆಷಾಢ ಕಳೆಯುವ ಹೊತ್ತಿಗೆ ಬೀಚನಹಳ್ಳಿಯಿಂದ ದೊಡ್ಡತಾಯಮ್ಮ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಬಿನಿ ನಾಲೆಯ ಕೆಳಗಿನ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದವಳು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳಲ್ಲಿ ಎದ್ದ ಗುಳ್ಳೆ ಒಡೆದು ಹುಣ್ಣಾಗಿತ್ತು. ರೆಸಾರ್ಟಿನಲ್ಲಿ ಜೀಪು ಓಡಿಸುವ ಮಗ ಯತೀಶ್ ಫೋನಿನಲ್ಲಿ ಈ ಕೇಂದ್ರದ ವಿಡಿಯೊ ನೋಡಿ ಅವ್ವನನ್ನು ಕರೆತಂದಿದ್ದ.

ಕೇಂದ್ರದ ಯಜಮಾನ ಕನಕರಾಜು ಡಾಕ್ಟರಾಗಿರಲಿಲ್ಲ. ಎಲ್ಲೋ ಹದಿನೈದು ದಿನದ ತರಬೇತಿ ಪಡೆದು ಬಂದಿದ್ದ. ಮಾತು ಮಾತ್ರ ಬೆಣ್ಣೆಯಂತಿತ್ತು.

"ಬೆರಳು ಕತ್ತರಿಸೋದು ಬೇಡ, ಏನೂ ಬೇಡ ತಾಯಿ. ಹತ್ತು ಸಲ ಬನ್ನಿ ಸಾಕು. ಆ ಇನ್ಸುಲಿನ್ ಸೂಜಿನೂ ನಿಲ್ಲಿಸಿಬಿಡಿ. ಓಝೋನ್ ಇರುವಾಗ ಅದ್ಯಾಕೆ?"

ಪಕ್ಕದಲ್ಲೇ ನಿಂತಿದ್ದ ಅಲ್ಮಾಸ್ ಅದನ್ನು ಕೇಳಿಸಿಕೊಂಡಳು. ಗಾಳಿ ತುಂಬುವುದು ಒಂದು ಮಾತು, ಇನ್ಸುಲಿನ್ ಬಿಡಿಸುವುದು ಇನ್ನೊಂದು. ಯಜಮಾನ ಆಚೆ ಹೋದೊಡನೆ ಅವಳು ತಗ್ಗಿದ ದನಿಯಲ್ಲಿ, "ಅವ್ವಾ, ಸೂಜಿ ಮಾತ್ರ ಬಿಡಬೇಡಿ," ಎಂದಳು.

"ದೊಡ್ಡೋರು ಬ್ಯಾಡ ಅಂದವ್ರೆ, ನೀನು ಬೇಕು ಅಂತೀಯಲ್ಲ ಮಗ," ಎಂದು ದೊಡ್ಡತಾಯಮ್ಮ ನಕ್ಕುಬಿಟ್ಟಳು.

ಸೂಜಿ ಬಿಟ್ಟು, ಮಂಗಳವಾರ, ಶುಕ್ರವಾರ ತಪ್ಪದೆ ಅವಳು ಬಂದಳು. ಬಂದಾಗಲೆಲ್ಲ ಅಲ್ಮಾಸ್ ತೆಳುವಾದ ಪಾರದರ್ಶಕ ಹಾಳೆಯನ್ನು ಗಾಯದ ಮೇಲೆ ಹಿಡಿದು, ಪೆನ್ನಿನಲ್ಲಿ ಅದರ ಅಂಚು ಎಳೆದು, ಕೆಳಗೆ ತಾರೀಖು ಬರೆದಿಟ್ಟುಕೊಳ್ಳುತ್ತಿದ್ದಳು. ನರ್ಸಿಂಗ್ ಓದುವಾಗ ಕಲಿತ ಅಭ್ಯಾಸ. ಆರನೆಯ ಸಲ, ಶುಕ್ರವಾರ, ಅಂಚು ಎಳೆದವಳು ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಕಿರುಬೆರಳು ಪೂರಾ ಕಪ್ಪಾಗಿತ್ತು, ಪಕ್ಕದ ಬೆರಳು ನೀಲಿಗಟ್ಟಿತ್ತು, ಕೆಂಪು ಬಣ್ಣ ಪಾದದ ಮೇಲಕ್ಕೆ ಏರಿತ್ತು. ಓಝೋನಿನ ಘಾಟನ್ನೂ ಮೀರಿ ಕೊಳೆತ ವಾಸನೆ ಬರುತ್ತಿತ್ತು.

ಅವಳು ಕನಕರಾಜುವನ್ನು ಬಾಗಿಲ ಆಚೆ ಕರೆದಳು. "ಸಾರ್, ಇದು ಇಲ್ಲಿ ಆಗೋ ಕೆಲಸ ಅಲ್ಲ. ಇವತ್ತೇ ಆಸ್ಪತ್ರೆಗೆ ಕಳಿಸೋಣ."

"ವಿಷ ಹೊರಗೆ ಬರುವಾಗ ಹಂಗೇ ಕೆಂಪಾಗುತ್ತೆ. ಹತ್ತು ಸಲ ಮುಗೀಲಿ."

"ಮುಗಿಯೋ ಹೊತ್ತಿಗೆ ಕಾಲೇ ಇರಲ್ಲ ಸಾರ್."

"ನಿನ್ನ ಕೆಲಸ ಚೀಲ ಕಟ್ಟೋದು. ಅಷ್ಟು ಮಾಡು."

ಅಲ್ಮಾಸ್ ಒಳಗೆ ಬಂದು ದೊಡ್ಡತಾಯಮ್ಮನಿಗೇ ನೇರವಾಗಿ ಹೇಳಿದಳು. ಮುದುಕಿಯ ಮುಖ ಬಿಗಿಯಿತು. "ನಮ್ಮನೆಯವ್ರಿಗೂ ಇಂಗೇ ಅಂದ್ರು. ಮೊದಲು ಬೆರಳು ಅಂದ್ರು, ಆಮ್ಯಾಕೆ ಮಂಡಿಗಂಟ ತೆಗುದ್ರು. ಮೂರು ತಿಂಗಳಿಗೆ ಓಗೇಬುಟ್ರು. ನಾನು ಆಸ್ಪತ್ರೆ ಮೆಟ್ಲು ಅತ್ತಾಕಿಲ್ಲ." ಊರುಗೋಲು ಊರಿಕೊಂಡು ಎದ್ದು ಹೊರಟೇಹೋದಳು.

ಮನೆಗೆ ಹೋದರೂ ಅಲ್ಮಾಸಳಿಗೆ ಸಮಾಧಾನವಿಲ್ಲ. ಅವಳ ತಾಯಿ ಕರೀಮುನ್ನೀಸಾ ರವಿಕೆ ಹೊಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. "ಕೆಲಸ ಹೋಗುತ್ತೆ ಅಂತ ಹೆದರಿಕೇನಾ?" ಎಂದಳು.

"ಅದೂ ಇದೆ ಅಮ್ಮಿ. ಹೇಳಿದರೂ ಆ ಅವ್ವ ಕೇಳಲ್ಲವಲ್ಲ, ಅದು ಇನ್ನೂ ಸಂಕಟ."

"ಬಾಯಲ್ಲಿ ಹೇಳಿದ್ದು ಸಾಕು. ಕಣ್ಣಿಗೆ ತೋರಿಸು."

ಶನಿವಾರ ಬೆಳಿಗ್ಗೆ ಅಲ್ಮಾಸ್ ಕೇಂದ್ರಕ್ಕೆ ರಜೆ ಹೇಳಿ ಎಚ್.ಡಿ. ಕೋಟೆಯ ಬಸ್ಸು ಹತ್ತಿದಳು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಿ ಬೀಚನಹಳ್ಳಿ ಮುಟ್ಟುವಾಗ ಹತ್ತು ಗಂಟೆ. ದೊಡ್ಡತಾಯಮ್ಮ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ಮೈ ಕಾವೇರಿತ್ತು. ಕೆಲಸಕ್ಕೆ ಹೊರಟಿದ್ದ ಯತೀಶ್, "ಇದೇನು ಸಿಸ್ಟರ್, ಇಲ್ಲಿಗಂಟ?" ಎಂದು ಬೆರಗಾದ.

ಅಲ್ಮಾಸ್ ಆರು ಹಾಳೆಗಳನ್ನು ಹೊರತೆಗೆದಳು. ಒಂದರ ಮೇಲೊಂದು ಜೋಡಿಸಿ ಬೆಳಕಿಗೆ ಹಿಡಿದಳು.

"ನೋಡಿ ಅವ್ವಾ. ಒಳಗಿರೋ ಈ ಸಣ್ಣ ಸುತ್ತು ನೀವು ಮೊದಲನೇ ದಿನ ಬಂದಾಗಿನ ಗಾಯ. ಹುಣಸೇಬೀಜದಷ್ಟಿತ್ತು. ಇದು ಎರಡನೇ ಸಲದ್ದು, ಇದು ಮೂರನೇದು. ಈ ದೊಡ್ಡದು ನಿನ್ನೆಯದು. ವಾಸಿ ಆಗೋ ಗಾಯ ಒಳಕ್ಕೆ ಬರಬೇಕು. ನಿಮ್ಮದು ಹೊರಕ್ಕೆ ಹೋಗ್ತಿದೆ."

ದೊಡ್ಡತಾಯಮ್ಮ ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, ಬೆರಳಿನಿಂದ ಒಂದೊಂದೇ ಗೆರೆಯನ್ನು ಸವರಿದಳು.

"ಆ ವಿಡಿಯೋದಾಗೆ ಎಲ್ರಿಗೂ ವಾಸಿ ಆಗೈತೆ ಕಣ್ರೀ," ಎಂದ ಯತೀಶ್.

"ಸುಮ್ಕಿರ್ಲಾ," ಎಂದಳು ತಾಯಿ. ಅಲ್ಮಾಸಳ ಕಡೆ ತಿರುಗಿ, "ಬೆರಳೇ ಕುಯ್ತಾರೋ, ಕಾಲೇ ಕುಯ್ತಾರೋ? ದಿಟ ಯೋಳು."

"ನನಗೆ ಗೊತ್ತಿಲ್ಲ ಅವ್ವಾ. ಡಾಕ್ಟರು ನೋಡಿ ಹೇಳಬೇಕು. ಆದರೆ ಇವತ್ತು ಹೋದರೆ ಬೆರಳಲ್ಲೇ ನಿಲ್ಲಬಹುದು. ನಿಮ್ಮ ಜೊತೆ ನಾನೂ ಬರ್ತೀನಿ. ಅವರು ಏನು ಮಾಡ್ತೀವಿ ಅಂತಾರೋ ಅದನ್ನ ನಿಮಗೆ ಅರ್ಥ ಆಗೋ ಹಂಗೆ ಹೇಳ್ತೀನಿ. ನೀವು ಹೂಂ ಅನ್ನದೆ ಏನೂ ಮಾಡಿಸಲ್ಲ."

ಗೊತ್ತಿಲ್ಲ ಎಂದ ಆ ಮಾತೇ ಮುದುಕಿಯನ್ನು ಅಲುಗಿಸಿತೇನೋ. ಇಷ್ಟು ದಿನ ಅವಳಿಗೆ ಸಿಕ್ಕವರೆಲ್ಲ ಎಲ್ಲ ಗೊತ್ತು ಎಂದವರೇ. ಕಂಬಳಿ ಸರಿಸಿ ಎದ್ದಳು. "ಯತೀಶ, ಗಾಡಿ ತಗಿ. ಗದ್ದೆಗೆ ನೀರು ಬುಡಕ್ಕೆ ಪಕ್ಕದ್ಮನೆ ರಾಮಮ್ಮನಿಗೆ ಯೋಳ್ಬುಟ್ಟು ಓಗವ."

ಕೋಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದವರು ಅಲ್ಲೇ ಇನ್ಸುಲಿನ್ ಕೊಟ್ಟು, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಸಕ್ಕರೆ ನಾನೂರು ದಾಟಿತ್ತು. ಸರ್ಜನ್ ಕಾಲು ಪರೀಕ್ಷಿಸಿ, ರಕ್ತ ಓಡಾಡುತ್ತಿದೆ, ಪಾದ ಉಳಿಸಲು ನೋಡೋಣ, ಎರಡು ಬೆರಳು ಮಾತ್ರ ಹೋಗಲೇಬೇಕು ಎಂದರು. ಅಲ್ಮಾಸ್ ಅದನ್ನೇ ಬಿಡಿಸಿ ಬಿಡಿಸಿ ಹೇಳಿದಳು. ದೊಡ್ಡತಾಯಮ್ಮ ಮೂರು ಸಲ ಕೇಳಿ, ಖಾತ್ರಿ ಮಾಡಿಕೊಂಡು ಹೂಂ ಎಂದಳು. ಬೆರಳು ಹೋದವು, ಪಾದ ಉಳಿಯಿತು. ಗಾಯ ತುಂಬಲು ಎರಡು ತಿಂಗಳು ಹಿಡಿಯಿತು.

ಅಲ್ಮಾಸಳ ಕೆಲಸ ಸೋಮವಾರವೇ ಹೋಗಿತ್ತು. "ಅನುಭವದ ಪತ್ರನೂ ಕೊಡಲ್ಲ, ನೋಡ್ತೀನಿ ಯಾರು ಸೇರಿಸ್ಕೋತಾರೆ ಅಂತ," ಎಂದಿದ್ದ ಕನಕರಾಜು. ಅವಳು ವಾದಕ್ಕೆ ನಿಲ್ಲಲಿಲ್ಲ. ಮನೆಗೆ ಬಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಎರಡು ಪುಟದ ದೂರು ಬರೆದಳು. ಓಝೋನನ್ನು ಬಯ್ಯಲು ಹೋಗದೆ ಕಂಡದ್ದನ್ನಷ್ಟೇ ಬರೆದಳು: ಡಾಕ್ಟರಿಲ್ಲದ ಕೇಂದ್ರ, ಬಿಡಿಸಿದ ಇನ್ಸುಲಿನ್, ತಾರೀಖುಗಳ ಸಮೇತ ಬೆಳೆದ ಗಾಯ. ಮೊದಲ ಅರ್ಜಿಗೆ ಉತ್ತರ ಬರಲಿಲ್ಲ. ಎರಡನೆಯದನ್ನು ತಾನೇ ಕೊಂಡೊಯ್ದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಳು. ಮೂರನೆಯದಕ್ಕೆ ವಿಚಾರಣೆಯ ದಿನ ನಿಗದಿಯಾಯಿತು.

ಆ ದಿನ ದೊಡ್ಡತಾಯಮ್ಮ ಮೆತ್ತನೆಯ ವಿಶೇಷ ಚಪ್ಪಲಿ ಮೆಟ್ಟಿಕೊಂಡು ಅಧಿಕಾರಿಯ ಕೋಣೆಗೆ ನಡೆದೇ ಬಂದಳು. ಕನಕರಾಜು, "ಸೂಜಿ ಬಿಡಿ ಅಂತ ನಾನು ಹೇಳಲೇ ಇಲ್ಲ ಸಾರ್," ಎಂದ.

"ಯೋಳಿದ್ರಿ ಕಣ್ರೀ," ಎಂದಳು ದೊಡ್ಡತಾಯಮ್ಮ. "ನನ್ನ ಬೆರಳೋದ್ರೂ ನೆಪ್ಪು ಓಗಿಲ್ಲ. ನೀವು ಅಂಗಂದಾಗ ಈ ಮಗ ಪಕ್ಕದಲ್ಲೇ ನಿಂತಿತ್ತು. ಬುಡಬ್ಯಾಡಿ ಅಂತ ನಂಗೆ ಯೋಳ್ತು. ನಾನು ನಕ್ಬುಟ್ಟೆ. ಅದು ನನ್ನ ತಪ್ಪು. ನಿಮ್ಮ ತಪ್ಪ ನೀವು ಒಪ್ಕಳಿ."

ಒಂದು ವಾರಕ್ಕೆ ಅಧಿಕಾರಿಗಳು ಬಂದು ನೋಡಿದರು. ನೋಂದಣಿಯ ಕಾಗದವೇ ಇರಲಿಲ್ಲ. ಕೇಂದ್ರಕ್ಕೆ ಬೀಗ ಬಿತ್ತು.

ಅಲ್ಮಾಸ್ ಈಗ ಪಿರಿಯಾಪಟ್ಟಣದ ಒಂದು ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೋಣೆಯನ್ನು ನೋಡಿಕೊಳ್ಳುತ್ತಾಳೆ. ಹೋದ ತಿಂಗಳು ಅಲ್ಲಿಗೆ ಬಂದ ರೋಗಿಯೊಬ್ಬರು, ಕೆ.ಆರ್. ನಗರದಲ್ಲಿ ಕನಕರಾಜು ಬೇರೆ ಹೆಸರಿನ ಬೋರ್ಡು ಹಾಕಿದ್ದಾನೆ ಎಂದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವಳು ಬಿಳಿ ಹಾಳೆ ತೆಗೆದುಕೊಂಡು ಹೊಸ ಅರ್ಜಿಗೆ ಕೂತಳು. ನಾಲ್ಕು ಸಾಲು ಬರೆದು, ದೊಡ್ಡತಾಯಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದಳು.

ಆ ಕಡೆಯಿಂದ ಒಡನೆ ಉತ್ತರ ಬಂತು.

"ನನ್ನೆಸರೂ ಬರ್ಕೊ ಮಗ. ಯಾವತ್ತು ಬರ್ಬೇಕು ಅಂತ ಯೋಳು, ಬತ್ತೀನಿ."