ಬಿಸಿ ತಾಗದ ಮಣ್ಣು

ಚೀಲದ ಗಂಟು ಬಿಚ್ಚಿದ್ದೇ ತಡ, ಕೊಳೆತ ಎಲೆಯ ವಾಸನೆ ಮೂಗಿಗೆ ಬಡಿಯಿತು. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ತೆಗೆದು ಉಳಿದ ಹಸಿಮಣ್ಣನ್ನು ಚೆಲ್ಲಿ ಚೀಲ ತೊಳೆದಿಡೋಣವೆಂದು ಹೊರಟಿದ್ದವಳು ಒಂದು ಹಿಡಿ ತೆಗೆದು ಮತ್ತೆ ಮೂಸಿದಳು. ಇದೇ ಮಣ್ಣಿಗೆ ಅವಳು ನಿನ್ನೆ ಸಂಜೆ ‘ಗಟ್ಟಿ ಜೇಡಿ, ತಳಪಾಯಕ್ಕೆ ತೊಂದರೆಯಿಲ್ಲ’ ಎಂದು ಬರೆದು ಸಹಿ ಹಾಕಿದ್ದಳು. ಅದರ ಮೇಲೆ ಮಕ್ಕಳ ಶಾಲೆ ಏಳಬೇಕಿತ್ತು. ಕಾಂಕ್ರೀಟು ಸುರಿಯುವುದು ಈ ಬೆಳಿಗ್ಗೆಯೇ.

ಎಡವಿದ್ದೆಲ್ಲಿ ಎಂದು ಹುಡುಕಬೇಕಾಗಿರಲಿಲ್ಲ. ಮಣ್ಣು ಯಾವ ಬಗೆಯದೆಂದು ನೋಡುವ ಮುಂಚೆ ಅದನ್ನು ನೆರಳಲ್ಲಿ ಹರಡಿ ತಾನಾಗಿ ಆರಲು ಬಿಡಬೇಕು. ಅದಕ್ಕೆ ಪುರುಸೊತ್ತು ಬೇಕು. ಸೈಟಿನ ಎಂಜಿನಿಯರು ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಣ್ಣ; ರಿಪೋರ್ಟು ಬೇಗ ಕೊಡೆಂದು ಮೂರು ಹೊತ್ತೂ ಫೋನು ಮಾಡಿ ಪ್ರಾಣ ತಿಂದಿದ್ದ. ಆ ಕಾಟ ತಾಳಲಾರದೆ ಅವಳು ಮಣ್ಣನ್ನು ಓವನ್ನಿಗೆ ತಳ್ಳಿದ್ದಳು. ಎಲೆ, ಬೇರು ಕೊಳೆತು ಬೆರೆತ ಮಣ್ಣಿಗೆ ಅಷ್ಟು ಬಿಸಿ ತಾಗಿದರೆ ಅದರ ಗುಣವೇ ಬದಲಾಗುತ್ತದೆ. ಪರೀಕ್ಷೆಯಲ್ಲಿ ಒಳ್ಳೆಯ ಮಣ್ಣಿನಂತೆ ನಟಿಸುತ್ತದೆ. ಪ್ರಯೋಗಾಲಯಕ್ಕೆ ಬರುವ ಹೊಸಬರಿಗೆಲ್ಲ ಮೊದಲ ದಿನವೇ ಇದನ್ನು ಹೇಳಿಕೊಡುತ್ತಿದ್ದವಳೂ ಅವಳೇ.

ಹಸಿಮಣ್ಣನ್ನು ಕಲಸಿ, ಮಣ್ಣು ಎಷ್ಟು ನೀರು ಹಿಡಿಯುತ್ತದೆಂದು ಅಳೆಯುವ ಯಂತ್ರದ ಹಿತ್ತಾಳೆ ಬಟ್ಟಲಿಗೆ ಮೆತ್ತಿ, ನಡುವೆ ಸೀಳು ಎಳೆದು ಹಿಡಿ ತಿರುಗಿಸಿದಳು. ಬಟ್ಟಲು ಟಕಟಕ ಕುಟ್ಟಿಕೊಂಡಿತು, ಸೀಳು ಕೂಡಿಕೊಳ್ಳಲಿಲ್ಲ. ನಿನ್ನೆ ಸಾಕಾಗಿದ್ದ ನೀರು ಇಂದು ಯಾವ ಮೂಲೆಗೂ ಸಾಲಲಿಲ್ಲ. ಹಾಕಿದಷ್ಟನ್ನೂ ಆ ಮಣ್ಣು ಕುಡಿಯುತ್ತಲೇ ಹೋಯಿತು. ಇಂಥದ್ದರ ಮೇಲೆ ಕಟ್ಟಿದರೆ ಗೋಡೆ ಕುಸಿಯದೆ ಇರುತ್ತದೆಯೇ? ಫೋನು ಮಾಡಿದರೆ ಅಣ್ಣ ಎತ್ತಲಿಲ್ಲ. ಕೈಗೆ ಸಿಕ್ಕಿದ್ದು ತನ್ನದೇ ಊಟದ ಡಬ್ಬಿ. ಮಣ್ಣಿನ ಮುದ್ದೆಯನ್ನು ಅದರೊಳಗೆ ಹಾಕಿಕೊಂಡು ಸ್ಕೂಟರು ಹತ್ತಿದಳು.

ಅವಳು ಸೈಟು ಮುಟ್ಟುವಷ್ಟರಲ್ಲಿ ಕಾಂಕ್ರೀಟಿನ ಲಾರಿ ಗುಂಡಿಯ ಅಂಚಿಗೆ ಹಿಂದೆ ಹಿಂದೆ ಸರಿಯುತ್ತಿತ್ತು. ಕೈ ಬೀಸಿ ದಾರಿ ತೋರಿಸುತ್ತಿದ್ದ ಅಣ್ಣ ಡಬ್ಬಿ ನೋಡಿ, ತಂಗಿ ತನಗೆ ತಿಂಡಿ ತಂದಳೆಂದು ಮುಖವರಳಿಸಿದ.

“ಅಣ್ಣಾ, ಲಾರಿ ನಿಲ್ಸು. ನನ್ನ ರಿಪೋರ್ಟು ತಪ್ಪು.”

ಅವನು ಕೈ ಎತ್ತಿದ. ಲಾರಿ ನಿಂತಿತು; ಅದರ ಡ್ರಮ್ಮು ಮಾತ್ರ ಗಡಗಡ ತಿರುಗುತ್ತಲೇ ಇತ್ತು. ಅವಳು ಓವನ್ನಿನ ವಿಷಯವನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದಳು. ಅಣ್ಣನ ಮುಖ ಕಪ್ಪಿಟ್ಟಿತು. ‘ನನ್ನ ತಂಗಿ ನೋಡಿದ ಮಣ್ಣು, ಎರಡು ಮಾತಿಲ್ಲ’ ಎಂದು ಶಾಲೆಯ ಕಾರ್ಯದರ್ಶಿಯ ಮುಂದೆ ಎದೆ ತಟ್ಟಿಕೊಂಡಿದ್ದವನು ಅವನು.

“ಲಾರಿ ವಾಪಸ್ ಹೋದ್ರೆ ನಿನ್ನ ಕೆಲ್ಸ ಉಳಿಯಲ್ಲ. ಗೊತ್ತಲ್ಲ?”

“ಗೊತ್ತು. ನೀನೇ ಮೂಸಿ ನೋಡು.”

ಅವನು ಡಬ್ಬಿ ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು ಮೂಸಿದ. ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತಿದ; ಅದು ಸ್ಪಂಜಿನಂತೆ ಮೆತ್ತಗೆ ಒಳಗಿಳಿಯಿತು. ಡ್ರೈವರಿಗೆ ವಾಪಸ್ ಹೋಗೆಂದು ಸನ್ನೆ ಮಾಡಿ, ಕಾರ್ಯದರ್ಶಿಗೆ ಫೋನು ಮಾಡಿದ.

“ಸರ್, ಕೆಲ್ಸ ನಿಲ್ಸಿದೀನಿ. ತಪ್ಪು ನಂದೇ, ನಾನೇ ಅವಸರ—”

ಅವಳು ಅವನ ಕೈಯಿಂದ ಫೋನು ತೆಗೆದುಕೊಂಡಳು. “ಸರ್, ಮಣ್ಣಿನ ಲ್ಯಾಬಿನವಳು ಮಾತಾಡ್ತಿರೋದು. ಓವನ್ನಿಗೆ ಇಟ್ಟಿದ್ದು ನಾನು.”

ಆ ಕಡೆಯ ದನಿ ಏರಿತು. ಅವಳು ತಲೆ ತಗ್ಗಿಸದೆ ಕೇಳಿಸಿಕೊಳ್ಳುತ್ತ ನಿಂತಳು. ಲಾರಿ ಗೇಟು ದಾಟಿತು. ಅಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಊಟದ ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ಅದರ ಸುತ್ತ ಮೆತ್ತಿದ್ದ ಕೆಸರನ್ನು ತನ್ನ ಅಂಗಿಯ ತುದಿಯಿಂದ ಒರೆಸತೊಡಗಿದ.